ಚಿತ್ರಕಾರನ ಮನೆ: ತಾತಗುಣಿಯ ರೋರಿಚ್ ಎಸ್ಟೇಟಿನ ಇತಿಹಾಸದಿಂದ ಏಳುವ ಒಂದು ಪ್ರಶ್ನೆ

ಕವಿಯ ಮನೆಯನ್ನು ಕಾಪಾಡುವುದಕ್ಕೂ ಚಿತ್ರಕಾರನ ಮನೆಯನ್ನು ಕಾಪಾಡುವುದಕ್ಕೂ ಒಂದು ಮೂಲಭೂತವಾದ ವ್ಯತ್ಯಾಸವುಂಟು. ಕುಪ್ಪಳಿಯ ಕವಿಮನೆಗೆ ಹೋಗುವವನು ಕುವೆಂಪು ಅವರ ಕೃತಿಗಳನ್ನು ಓದಿಕೊಂಡೇ ಹೋಗಿರುತ್ತಾನೆ. ಕಾವ್ಯವು ಅವನ ಸಂಗಡವೇ ಬರುತ್ತದೆ, ಮನೆಯು ಅದಕ್ಕೆ ಭಾಷ್ಯವಾಗುತ್ತದೆ. ಚಿತ್ರಕಾರನ ವಿಷಯ ಹಾಗಲ್ಲ. ಚಿತ್ರವೆಂಬುದು ಒಂದೇ ಪ್ರತಿಯುಳ್ಳ ಕೃತಿ. ಮಾರಾಟವಾಗಿಯೋ ದಾನವಾಗಿಯೋ ಅದು ಹೊಸ್ತಿಲನ್ನು ದಾಟಿತೆಂದರೆ ಮನೆಯಲ್ಲಿ ಉಳಿಯುವುದು ಗೋಡೆ, ಕಿಟಕಿ, ಕಿಟಕಿಯಿಂದ ಬೀಳುವ ಬೆಳಕು, ಅದರಾಚೆಯ ಮರ. ಹಾಗಾದರೆ ಅಂಥ ಮನೆಯನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು? ಬೆಂಗಳೂರಿನಲ್ಲಿ ಈ ಪ್ರಶ್ನೆಯು ಶಾಸನಸಭೆಯವರೆಗೂ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದದ್ದುಂಟು. ಆ ವೃತ್ತಾಂತವನ್ನು ಇಲ್ಲಿ ಪರಿಶೀಲಿಸುವುದು ಉದ್ದೇಶ.

ಅದಕ್ಕೆ ಮುನ್ನ ನಗರದ ಪಶ್ಚಿಮ ಭಾಗದ ಒಂದು ನಿದರ್ಶನವನ್ನು ಹೇಳಬಹುದು. ನಂದಿನಿ ಬಡಾವಣೆಗೆ ಬಹು ದೂರವಲ್ಲದ ರಾಜಾಜಿನಗರದಲ್ಲಿ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳಿಗೆಂದೇ ಮೀಸಲಾದ ಕಲಾಗೃಹವೊಂದಿದೆ. ರುಮಾಲೆಯವರು ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯೊಡನೆ ಸಂಬಂಧವಿದ್ದವರು. ಬಹು ವರ್ಷಗಳ ಸಾರ್ವಜನಿಕ ಜೀವನದ ತರುವಾಯ ಕುಂಚಕ್ಕೆ ಮರಳಿ, ಬೆಂಗಳೂರಿನ ಹೂಬಿಟ್ಟ ಮರಗಳನ್ನೂ ಉದ್ಯಾನಗಳನ್ನೂ ಬೀದಿಗಳನ್ನೂ ಚಿತ್ರಿಸಿದವರು. ಅವರ ನಿಜವಾದ ಕಾರ್ಯಶಾಲೆ ಬಯಲೇ ಆಗಿತ್ತು. ಚಿತ್ರಗಳು ಉಳಿದವು, ಚಿತ್ರಿತವಾದ ಮರಗಳೂ ನೋಟಗಳೂ ಬಹುಮಟ್ಟಿಗೆ ಮರೆಯಾದವು. ತಾತಗುಣಿಯಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಅಲ್ಲಿ ಭೂಮಿ ಉಳಿಯಿತು, ಚಿತ್ರಗಳು ಬೇರೆಡೆಗೆ ಹೋದವು.

ಸ್ವೆತೋಸ್ಲಾವ್ ರೋರಿಚ್ ಅವರು 1904ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ತಂದೆ ನಿಕೊಲಾಯ್ ರೋರಿಚ್ (1874–1947) ಹಿಮಾಲಯದ ಚಿತ್ರಗಳಿಗಾಗಿ ಲೋಕಪ್ರಸಿದ್ಧರು; ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿ ಅಲ್ಲಿಯೇ ಕಾಲವಾದವರು. ಸ್ವೆತೋಸ್ಲಾವ್ ಅವರು 1945ರಲ್ಲಿ, ಬಾಂಬೆ ಟಾಕೀಸಿನ ಸ್ಥಾಪಕರಲ್ಲೊಬ್ಬರೂ ಪ್ರಸಿದ್ಧ ನಟಿಯೂ ಆಗಿದ್ದ ದೇವಿಕಾರಾಣಿಯವರನ್ನು ವಿವಾಹವಾದರು. ಕೆಲವು ವರ್ಷ ಕುಲುವಿನಲ್ಲಿದ್ದು ದಂಪತಿಗಳು ಬೆಂಗಳೂರಿಗೆ ಬಂದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ಸುಮಾರು 470 ಎಕರೆಯ ಎಸ್ಟೇಟ್ ಅವರದಾಯಿತು. ಇದರಲ್ಲಿ 100 ಎಕರೆಯು 1954ರಲ್ಲಿ ಸರ್ಕಾರದಿಂದ ಮಂಜೂರಾದುದು. ಮಿಕ್ಕದ್ದು ಕ್ರಯಕ್ಕೆ ಕೊಂಡದ್ದು. ಮಂಜೂರಾತಿಯ ಕಾರಣವು ಚಿತ್ರಕಲೆಯಲ್ಲ, ಲಿನಾಲೋ ಎಂಬ ಮರದ ಕೃಷಿ.

ಈ ಮರದ ವಿಷಯವನ್ನು ತುಸು ವಿಸ್ತರಿಸುವುದು ಅಗತ್ಯ. ಲಿನಾಲೋ ಮೆಕ್ಸಿಕೊ ದೇಶದ ಮೂಲದ್ದು. ಅದರ ಕಾಯಿಯಿಂದ ಬಟ್ಟಿಯಿಳಿಸಿದ ಎಣ್ಣೆಯು ಸುಗಂಧದ್ರವ್ಯಕ್ಕೂ ಸಾಬೂನಿಗೂ ಒದಗುತ್ತದೆ. 1974ರ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದಾಗ ರಾಜ್ಯದ ದೊಡ್ಡ ಹಿಡುವಳಿಗಳು ಪರಿಮಿತಿಗೆ ಒಳಪಟ್ಟವು. ಆದರೆ ಲಿನಾಲೋ ಬೆಳೆಯುವ ಭೂಮಿಗೆ ಕಾಯಿದೆಯ 107ನೆಯ ಪ್ರಕರಣದಲ್ಲಿ ವಿನಾಯಿತಿಯಿತ್ತು. ಚಿತ್ರಕಾರನೆಂಬ ಗೌರವದಿಂದಲ್ಲ, ಈ ಪರಿಮಳದ ಮರದ ದೆಸೆಯಿಂದ ಎಸ್ಟೇಟ್ ಮತ್ತೆ ಇಪ್ಪತ್ತು ವರ್ಷ ಅಖಂಡವಾಗಿ ಉಳಿಯಿತು. ಪದ್ಮಭೂಷಣ ಪ್ರಶಸ್ತಿಯಾಗಲಿ (1961), ಹಳೆಯ ಸಂಸತ್ ಭವನದ ಕೇಂದ್ರ ಸಭಾಂಗಣದಲ್ಲಿ ತೂಗಿದ ನೆಹರೂ ಭಾವಚಿತ್ರವಾಗಲಿ ಒಂದು ಗುಂಟೆಯನ್ನೂ ಕಾಯಲಾರದಾಗಿತ್ತು. ಕಲಾಚರಿತ್ರೆಯನ್ನು ಬರೆಯುವವರು ಕಂದಾಯದ ಕಾಗದಗಳನ್ನೂ ನೋಡಬೇಕಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ.

ಈ ನಡುವೆ ಚಿತ್ರಗಳು ಚದುರುತ್ತಿದ್ದವು. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನೊಡನೆ ರೋರಿಚ್ ಅವರಿಗೆ ನಿಕಟ ಬಾಂಧವ್ಯವಿತ್ತು. ತಂದೆ-ಮಕ್ಕಳಿಬ್ಬರ ಕೃತಿಗಳ ಶಾಶ್ವತ ಚಿತ್ರಶಾಲೆ ಅಲ್ಲಿ ಏರ್ಪಟ್ಟಿತು. 1990ರಲ್ಲಿ ಕುಟುಂಬದ ಚಿತ್ರಗಳಲ್ಲಿಯೂ ದಾಖಲೆಗಳಲ್ಲಿಯೂ ಒಂದು ದೊಡ್ಡ ಭಾಗವನ್ನು ಅವರು ಮಾಸ್ಕೋ ನಗರಕ್ಕೆ ಒಪ್ಪಿಸಿದರು. ನಗ್ಗರದ ಮನೆಯು ಸ್ಮಾರಕ ಸಂಸ್ಥೆಯೊಂದರ ಆಶ್ರಯಕ್ಕೆ ಬಂದಿತು. ಹೀಗೆ ದಾನಿಯಾಗಿದ್ದ ಚಿತ್ರಕಾರನು ತಾನು ದಶಕಗಳ ಕಾಲ ವಾಸವಾಗಿದ್ದ ಮನೆಗೆ ಮಾತ್ರ ಸ್ಪಷ್ಟವಾದ ವ್ಯವಸ್ಥೆಯನ್ನು ಮಾಡದೆ ಹೋದದ್ದು ಸೋಜಿಗವೇ ಸರಿ. 1993ರ ಜನವರಿ 30ರಂದು ಅವರು ತೀರಿಕೊಂಡರು. ಅವರ ಸಮಾಧಿ ಎಸ್ಟೇಟಿನಲ್ಲಿಯೇ ಇದೆ. 1994ರ ಮಾರ್ಚಿಯಲ್ಲಿ ಸರ್ಕಾರವು ಲಿನಾಲೋ ಭೂಮಿಯ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಅದೇ ತಿಂಗಳ 9ರಂದು ದೇವಿಕಾರಾಣಿಯವರೂ ನಿಧನರಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಮುಂದಿನದು ವ್ಯಾಜ್ಯದ ಕಥೆ. ಎಸ್ಟೇಟಿನ ಒಂದು ಭಾಗವನ್ನು ದಂಪತಿಗಳ ಜೀವಿತಕಾಲದಲ್ಲಿಯೇ ತಾನು ಕ್ರಯಕ್ಕೆ ಪಡೆದಿರುವುದಾಗಿ ಖಾಸಗಿ ಕಂಪನಿಯೊಂದು ಹಕ್ಕು ಸಾಧಿಸಿತು. ರಾಜ್ಯದ ಶಾಸನಸಭೆಯು ಎಸ್ಟೇಟನ್ನು ಸ್ವಾಧೀನಪಡಿಸಿಕೊಳ್ಳುವ ಪ್ರತ್ಯೇಕ ಕಾಯಿದೆಯನ್ನೇ ಮಾಡಿ, ರಾಷ್ಟ್ರಪತಿಗಳ ಅಂಗೀಕಾರವನ್ನು ಪಡೆದು, 1996ರಲ್ಲಿ ಅದನ್ನು ಪ್ರಕಟಿಸಿತು. ಬೆಲೆಯುಳ್ಳ ಮರಗಳನ್ನೂ ಚಿತ್ರಗಳನ್ನೂ ಕಲಾವಸ್ತುಗಳನ್ನೂ ಕಾಪಾಡುವುದು, ಅಲ್ಲೊಂದು ಚಿತ್ರಶಾಲೆ ಮತ್ತು ವಸ್ತುಸಂಗ್ರಹಾಲಯವನ್ನು ಏರ್ಪಡಿಸುವುದು ಅದರ ಆಶಯ. ಕೆ. ಟಿ. ಪ್ಲಾಂಟೇಷನ್ ಪ್ರಕರಣವೆಂದು ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠವು 2011ರ ಆಗಸ್ಟ್ 9ರಂದು ಕಾಯಿದೆಯನ್ನು ಎತ್ತಿಹಿಡಿಯಿತು. ಕಾನೂನಿನ ವಿದ್ಯಾರ್ಥಿಗಳು ಈ ತೀರ್ಪನ್ನು ಸಂವಿಧಾನದ 300-ಎ ವಿಧಿಯ ವ್ಯಾಖ್ಯಾನಕ್ಕಾಗಿ ಓದುತ್ತಾರೆ: ಸಾರ್ವಜನಿಕ ಉದ್ದೇಶವಿಲ್ಲದೆ ಒಬ್ಬರ ಸ್ವತ್ತನ್ನು ಕಸಿಯಲಾಗದು, ಪರಿಹಾರದ ಹಕ್ಕೂ ಆ ವಿಧಿಯಲ್ಲಿ ಅಂತರ್ಗತವಾಗಿದೆ. ಇಂದು ದೇಶದಾದ್ಯಂತ ಸ್ವತ್ತಿನ ಮೊಕದ್ದಮೆಗಳಲ್ಲಿ ಉಲ್ಲೇಖವಾಗುವ ಈ ತತ್ತ್ವವು ಬೆಂಗಳೂರಿನ ಹೊರವಲಯದ ಒಬ್ಬ ಚಿತ್ರಕಾರನ ಮನೆಯಿಂದ ಹುಟ್ಟಿತೆಂಬುದನ್ನು ವಕೀಲರಲ್ಲಿಯೂ ನೆನೆಯುವವರು ವಿರಳ.

ತೀರ್ಪಿನಲ್ಲಿ ಗೆದ್ದದ್ದು ಸಾರ್ವಜನಿಕ ಉದ್ದೇಶ. ಆ ಉದ್ದೇಶವು ಏನಾಯಿತು? ದೀರ್ಘಕಾಲ ಎಸ್ಟೇಟ್ ಜನಸಾಮಾನ್ಯರ ಪಾಲಿಗೆ ಮುಚ್ಚಿಯೇ ಇತ್ತು. ವಸ್ತುಸಂಗ್ರಹಾಲಯದ ಮಾತು ಮತ್ತೆ ಮತ್ತೆ ಬಂದಿತು. 2019ರಲ್ಲಿ ಅಲ್ಲಿ ಚಿತ್ರನಗರಿಯನ್ನು ಕಟ್ಟುವ ಪ್ರಸ್ತಾಪ ಬಂದಾಗ, ಬನ್ನೇರುಘಟ್ಟದ ಕಡೆಯ ಆನೆಗಳ ಸಂಚಾರಕ್ಕೆ ಅದು ಅಡ್ಡಿಯಾದೀತೆಂದು ಪರಿಸರಾಸಕ್ತರು ವಿರೋಧಿಸಿದರು. ದೇವಿಕಾರಾಣಿಯವರ ಹೆಸರಿನ ನೆಲದಲ್ಲಿ ಚಲನಚಿತ್ರಕ್ಕೆ ಸ್ಥಳವಿರಬಾರದೆಂದು ಯಾರೂ ಹೇಳರು. ಆದರೆ ನೂರಾರು ಎಕರೆಯ ಸೆಟ್ಟುಗಳ ನಗರಿಗೂ ಮನೆಯೊಂದರ ಸಂರಕ್ಷಣೆಗೂ ಏನು ಸಂಬಂಧ?

ನಮ್ಮ ಅಭಿಪ್ರಾಯದಲ್ಲಿ ಇಲ್ಲಿನ ದೋಷವು ಅಧಿಕಾರಿಗಳ ಆಲಸ್ಯವೊಂದರಿಂದಲೇ ಬಂದುದಲ್ಲ, ಕಲ್ಪನೆಯಲ್ಲಿಯೇ ಇದೆ. ಮನೆಯನ್ನು ವಸ್ತುಸಂಗ್ರಹಾಲಯವೆಂದು ಭಾವಿಸಿದ ಕೂಡಲೆ ವಸ್ತುಗಳು ಬೇಕಾಗುತ್ತವೆ. ತಾತಗುಣಿಯ ಪ್ರಧಾನ ವಸ್ತುಗಳೋ ಪರಿಷತ್ತಿನಲ್ಲಿಯೂ ಮಾಸ್ಕೋದಲ್ಲಿಯೂ ಇವೆ. ಇಲ್ಲಿ ಮಾತ್ರ ಇರುವುದು, ಬೇರೆಲ್ಲಿಯೂ ಸಿಗದಿರುವುದು, ಚಿತ್ರ ಬರೆಯುವುದಕ್ಕೆ ಬೇಕಾದ ಏಕಾಂತ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಲಾಗದು. ಯಾರಾದರೂ ಅಲ್ಲಿದ್ದು ಬರೆದರೆ ಮಾತ್ರ ಅದು ಉಳಿದೀತು.

ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಸಂಗೀತ ರಚನಕಾರ ಎಡ್ವರ್ಡ್ ಮ್ಯಾಕ್‌ಡೊವೆಲ್ ಅವರ ಹೊಲಮನೆಯು 1907ರಲ್ಲಿ ಇಂಥ ಕಲಾವಿದರ ವಸತಿಯಾಗಿ ಮಾರ್ಪಟ್ಟಿತು. ಪತಿಯು ಮರುವರ್ಷವೇ ತೀರಿಕೊಂಡರೂ ಪತ್ನಿ ಮೇರಿಯನ್ ದೀರ್ಘಕಾಲ ಬದುಕಿದ್ದು, ತಾವೇ ಊರೂರು ತಿರುಗಿ ಹಣ ಕೂಡಿಸಿ ಅದನ್ನು ಬೆಳೆಸಿದರು. ದೇವಿಕಾರಾಣಿಯವರಿಗೆ ದೊರೆತದ್ದು ಕೇವಲ ಹದಿಮೂರು ತಿಂಗಳು, ಅದೂ ಅನಾರೋಗ್ಯದಲ್ಲಿ. ದೂರದ ಮಾತೇಕೆ? ಬೆಂಗಳೂರಿನ ಶಾಂತಿನಗರದಲ್ಲಿಯೇ ಕಲಾವಿದರೂ ಕಲಾಚರಿತ್ರಕಾರರೂ ಆದ ಸುರೇಶ್ ಜಯರಾಮ್ ಅವರು 2003ರಲ್ಲಿ ‘1 ಶಾಂತಿ ರೋಡ್’ ಎಂಬ ತಮ್ಮ ಮನೆಯನ್ನು ಕಲಾವಿದರ ವಾಸ್ತವ್ಯಕ್ಕೂ ಪ್ರದರ್ಶನಕ್ಕೂ ತೆರೆದರು. ಇಕ್ಕಟ್ಟಾದ ನಗರದ ನಡುವಿನ ಒಂದು ನಿವೇಶನ, ಕಾಯಿದೆಯಿಲ್ಲ, ಮಂಡಳಿಯಿಲ್ಲ. ದೇಶವಿದೇಶಗಳ ಕಲಾವಿದರು ಅಲ್ಲಿ ತಂಗಿ ಕೆಲಸಮಾಡಿದ್ದಾರೆ. 470 ಎಕರೆಗೆ ಸಾಧ್ಯವಾಗದುದು ಒಂದು ಮನೆಗೆ ಸಾಧ್ಯವಾಯಿತು. ಖಾಸಗಿ ಮನೆಯು ಒಬ್ಬರ ಉತ್ಸಾಹವನ್ನು ನೆಚ್ಚಿಕೊಂಡದ್ದು, ಸರ್ಕಾರದ ಸ್ವತ್ತು ಶಾಶ್ವತವಾದದ್ದು ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಬೀಗ ಹಾಕಿದ ಶಾಶ್ವತತೆಯಿಂದ ಚಿತ್ರಕಲೆಗೆ ಒದಗಿದ್ದೇನೆಂದು ಮರುಪ್ರಶ್ನೆ ಕೇಳಬಹುದು.

ಇನ್ನೊಂದು ಸಂಗತಿ. ಸಾಂಸ್ಕೃತಿಕ ಸ್ವತ್ತನ್ನು ಯುದ್ಧದಲ್ಲಿಯೂ ಶಾಂತಿಯಲ್ಲಿಯೂ ಕಾಪಾಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್‌ಟನ್ನಿನಲ್ಲಿ ಅಮೆರಿಕ ಖಂಡಗಳ 21 ರಾಷ್ಟ್ರಗಳು ಸಹಿ ಹಾಕಿದವು. ಅದರ ಹೆಸರು ರೋರಿಚ್ ಒಪ್ಪಂದ. ಪ್ರವರ್ತಕರು ಸ್ವೆತೋಸ್ಲಾವ್ ಅವರ ತಂದೆ ನಿಕೊಲಾಯ್. ಅದು ರಕ್ಷಣೆಯಿತ್ತದ್ದು ಐತಿಹಾಸಿಕ ಸ್ಮಾರಕಗಳಿಗೂ ವಸ್ತುಸಂಗ್ರಹಾಲಯಗಳಿಗೂ ಮಾತ್ರವಲ್ಲ, ವಿಜ್ಞಾನ, ಕಲೆ, ವಿದ್ಯೆಗಳ ಜೀವಂತ ಸಂಸ್ಥೆಗಳಿಗೆ ಕೂಡ, ಅವುಗಳಲ್ಲಿ ದುಡಿಯುವ ಜನರಿಗೆ ಕೂಡ. ಕಟ್ಟಡವನ್ನೂ ಅದರಲ್ಲಿ ಕೆಲಸಮಾಡುವವರನ್ನೂ ಆ ಒಪ್ಪಂದವು ಬೇರ್ಪಡಿಸಲಿಲ್ಲವೆಂಬುದನ್ನು ಗಮನಿಸಬೇಕು.

ತಾತಗುಣಿಯಲ್ಲಿ ಇದನ್ನು ಕಾರ್ಯಗತಗೊಳಿಸಲು ಹೊಸ ಕಟ್ಟಡಗಳ ಅಗತ್ಯವಿಲ್ಲ. ಆನೆಗಳು ಸಂಚರಿಸುವ ಸೀಮೆಯಲ್ಲಿ ಅವು ಇಲ್ಲದಿರುವುದೇ ಲೇಸು. ಚಿತ್ರಕಾರನ ಕೊಠಡಿಗಳನ್ನು ಸೋರದಂತೆ ದುರಸ್ತಿಮಾಡಿ, ವರ್ಷಕ್ಕೆ ನಾಲ್ಕಾರು ಮಂದಿ ಕಲಾವಿದರಿಗೆ ಕೆಲವು ತಿಂಗಳ ವಸತಿಯನ್ನೂ ಊಟವನ್ನೂ ಒದಗಿಸಿ, ಅವರು ಅಲ್ಲಿ ಬರೆದ ಒಂದೊಂದು ಚಿತ್ರವನ್ನು ಮನೆಯಲ್ಲಿಯೇ ಉಳಿಸಿಕೊಂಡರೆ, ಕಾಯಿದೆಯು ಬಯಸಿದ ಚಿತ್ರಶಾಲೆಯು ಹತ್ತು ಹನ್ನೆರಡು ವರ್ಷಗಳಲ್ಲಿ ತಾನಾಗಿಯೇ ತುಂಬುತ್ತದೆ. ಲಿನಾಲೋ ತೋಪಿನಲ್ಲಿ ಮುಪ್ಪಾದ ಮರಗಳ ಎಡೆಯಲ್ಲಿ ಹೊಸ ಸಸಿಗಳನ್ನು ನೆಡುವ ಕೆಲಸವೂ ಅದರೊಡನೆಯೇ ನಡೆಯಬೇಕಾದುದು.