ಮಳೆ ಜಾಡಿನ ಕರಿ ಮರಳು

ಹೋದ ತಿಂಗಳು ಮೊಮ್ಮಗಳು ಇಸ್ಕೂಲಿಂದ ಬಂದೋಳೇ, "ಅಜ್ಜಿ, ಸೂಜಿಗಲ್ಲು ಹಿಡುದ್ರೆ ಎದ್ದು ನಿಲ್ಲೋ ಎಣ್ಣೆ ಮಾಡ್ಬೇಕು" ಅಂದ್ಲು. ಯಾರೋ ಪ್ರಿಂಟರ್ ಪುಡಿ ತಂದು ಕಲಸಿ ಅಂದ್ರು. ಮಗೀನ ಮೂಗಿಗೆ ಹೋದಾತು, ಬ್ಯಾಡ ಅಂದೆ. ಆಗ ನಮ್ಮವ್ವನ ಮನೆ ಮುಂದಿನ ಕರಿ ಮರಳು ನೆಪ್ಪಾಯ್ತು.

ನೀವೂ ನೋಡಿರ್ತೀರಾ ಕಣ್ರವ್ವಾ. ಜೋರು ಮಳೆ ನಿಂತ ಮ್ಯಾಲೆ ನೀರು ಹರಿದ ಜಾಡಲ್ಲಿ ಕರ್ರಗೆ ಒಂದು ಗೆರೆ ಉಳೀತದೆ. ಹಳೇ ರೇಡಿಯೋ ಸ್ಪೀಕರಿನ ಸೂಜಿಗಲ್ಲು ಎಳುದ್ರೆ ಮೀಸೆ ಬಂದಂಗೆ ಅಂಟ್ಕತದೆ. ಅದು ಕಬ್ಬಿಣದ ಅದಿರು, ಮ್ಯಾಗ್ನಟೈಟ್.

ಟಿಪ್ಪು ಸುಲ್ತಾನ ಸತ್ತಿದ್ದು 1799ರ ಮೇ 4ಕ್ಕೆ. ಮಾರನೇ ವರ್ಷ ಬುಕಾನನ್ ಅನ್ನೋ ಕಂಪನಿ ಡಾಕ್ಟ್ರು ಮೈಸೂರು ಸೀಮೆಯೆಲ್ಲಾ ಸುತ್ತಿ, ಮಾಗಡಿ ಕಡೆ ಜನ ಮಳೆ ನೀರು ತಂದ ಕರಿ ಮರಳನ್ನ ಇದ್ದಿಲಲ್ಲಿ ಕಾಯ್ಸಿ ಕಬ್ಬಿಣ ತೆಗೆಯೋದನ್ನ ಬರ್ದವ್ರೆ. ಶ್ರೀರಂಗಪಟ್ಣದ ರಾಕೆಟ್ಟಿಗೆ ಹೆಸರು ಬಂದಿದ್ದೂ ಕಬ್ಬಿಣದ ಕೊಳವೆಯಿಂದ್ಲೇ. ಕಾಗದ, ಬಿದಿರಿನ ಕೊಳವೆಯಾದ್ರೆ ಮದ್ದಿನ ಒತ್ತಡಕ್ಕೆ ಬಿರಿಯದು. ಕಬ್ಬಿಣ ತಡ್ಕಂಡು ದೂರ ಒಯ್ಯದು. ಅವನ್ನ ನೋಡೇ ಇಂಗ್ಲೆಂಡಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು.

ಈ ಎಣ್ಣೆ ಹುಟ್ಟಿದ್ದೂ ರಾಕೆಟ್ಟಿಗೇ! 1963ರಲ್ಲಿ ಅಮೆರಿಕದ ನಾಸಾದಲ್ಲಿ ಸ್ಟೀವ್ ಪ್ಯಾಪೆಲ್ ಅನ್ನೋರು, ಆಕಾಶದಲ್ಲಿ ತೂಕ ಇಲ್ದೆ ತೇಲಾಡೋ ಇಂಧನನ ಅಯಸ್ಕಾಂತದಿಂದ ಎಳೀಬೋದು ಅಂತ, ಮ್ಯಾಗ್ನಟೈಟನ್ನ ಸೀಮೆಎಣ್ಣೆಯಂಥದ್ರಲ್ಲಿ ಬಾಳಾ ದಿನ ಅರೆದ್ರು. ಕಣಗಳು ಒಂದಕ್ಕೊಂದು ಅಂಟದಂಗೆ ಓಲಿಕ್ ಆಮ್ಲ ಬೆರೆಸಿದ್ರು. ನಮ್ಮ ಕಡ್ಲೇಕಾಯಿ ಎಣ್ಣೇಲೂ ಇರೋದು ಅದೇ ಆಮ್ಲ. ಅದೇ 1963ರಲ್ಲಿ ಅಬ್ದುಲ್ ಕಲಾಂ ನಾಸಾಕ್ಕೆ ಹೋದಾಗ, ಅಲ್ಲಿನ ಗೋಡೆ ಮ್ಯಾಲೆ ಟಿಪ್ಪು ಸೈನ್ಯದ ರಾಕೆಟ್ ಚಿತ್ರ ಕಂಡೆ ಅಂತ ಬರ್ಕಂಡವ್ರೆ.

ಸರಿ, ನಾವೂ ಶುರು ಮಾಡುದ್ವಿ. ಸೂಜಿಗಲ್ಲನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಮರಳು ಎತ್ತುದ್ವಿ. ಕವರ್ ಬಿಡಿಸಿದ್ರೆ ಮರಳು ಉದುರ್ತದೆ. ಮೂರು ನೀರಲ್ಲಿ ತೊಳೆದು, ಒಣಗ್ಸಿ, ಕಡ್ಲೇಕಾಯಿ ಎಣ್ಣೆ ಹಾಕಿ ಹಳೇ ಒಳಕಲ್ಲಲ್ಲಿ ಅರೆದೆ. ಒಣ ಪುಡಿ ಅರೀಬ್ಯಾಡಿ, ಧೂಳು ಏಳ್ತದೆ. ಸಣ್ಣ ಸೂಜಿಗಲ್ಲು ಮಕ್ಕಳ ಬಾಯಿಗೆ ಸಿಗದಂಗೂ ನೋಡ್ಕಳಿ. ತಟ್ಟೆ ಕೆಳಗೆ ಸೂಜಿಗಲ್ಲು ಇಟ್ರೆ ಮುಳ್ಳಂದಿ ಹಂಗೆ ಎದ್ದು ನಿಂತ್ಕತು.

ಬೆಳಿಗ್ಗೆ ನೋಡಿದ್ರೆ ಎಣ್ಣೆ ಮ್ಯಾಲೆ, ಮರಳು ತಳದಲ್ಲಿ. ಮಗ ಅತ್ತುಬುಟ್ಲು. ನಿಜವಾದ ಎಣ್ಣೇಲಿ ಕಣ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಷ್ಟು ಇರ್ತದೆ, ಅದಕ್ಕೇ ತಳ ಸೇರಾಕಿಲ್ಲ. ನನ್ನ ರಟ್ಟೆಗೆ ಅಷ್ಟು ನುಣ್ಣಗೆ ಎಲ್ಲಿ ಬಂದಾತು? "ಅಳಬ್ಯಾಡ ಕಣವ್ವಾ, ಯಾಕೆ ತಳ ಸೇರ್ತು ಅನ್ನೋದನ್ನೇ ಬರಿ" ಅಂದೆ. ಬರುದ್ಲು. ಅಲ್ಲೇ ಕಲಕಿ ಕಲಕಿ ಎಲ್ರಿಗೂ ತೋರ್ಸುದ್ಲು.

ಪಿಯುಸಿ ಆದ್ಮ್ಯಾಲೆ ನನ್ನ ಓದು ನಿಂತೋಯ್ತು, ಮದ್ವೆ ಮಾಡುದ್ರು. ಮೂವತ್ತೈದು ವರ್ಷ ಆದ್ಮ್ಯಾಲೆ ಒಳಕಲ್ಲ ಮುಂದೆ ಕುಂತು ಮತ್ತೆ ಸೈನ್ಸ್ ಓದ್ದಂಗಾಯ್ತು. ನಿಮ್ಮನೆ ಹೆಣ್ಮಕ್ಕಳು ಏನಾರ ಕೇಳುದ್ರೆ ಸುಮ್ನಿರು ಅನ್ನಬ್ಯಾಡಿ. ಸೆರಗಿನ ಕರೆ ಮಾತ್ರ ಇನ್ನೂ ಹೋಗಿಲ್ಲ.