ಕೆಂಪೆಂಬ ನುಡಿಯ ಚರಿತ್ರೆ

ಒಂದು ನಾಡಿನ ಇತಿಹಾಸವು ಶಿಲಾಶಾಸನಗಳಲ್ಲಿಯೂ ತಾಮ್ರಪಟಗಳಲ್ಲಿಯೂ ಮಾತ್ರವೇ ಅಡಗಿರುವುದೆಂದು ಭಾವಿಸುವುದು ಯುಕ್ತವಲ್ಲ. ಜನರು ದಿನಂಪ್ರತಿ ಆಡುವ ಸಾಮಾನ್ಯ ಶಬ್ದಗಳಲ್ಲಿಯೂ ಅದು ನೆಲೆಸಿರುತ್ತದೆ. ಶಾಸನವನ್ನೋದಲು ಲಿಪಿಜ್ಞಾನವು ಬೇಕಾಗುವಂತೆ, ಶಬ್ದವನ್ನೋದಲು ಅದರ ಹಳೆಯ ಅರ್ಥದ ಪರಿಚಯವು ಬೇಕಾಗುವುದು. ಆ ಪರಿಚಯವು ತಪ್ಪಿದೊಡನೆ ಊರಿನ ಹೆಸರಾಗಲಿ, ಪರಂಪರೆಯ ಹೆಸರಾಗಲಿ ವಿಪರೀತಾರ್ಥಕ್ಕೆ ಎಡೆಗೊಡುವುದು. ಇದಕ್ಕೆ ನಿದರ್ಶನವಾಗಿ ಹಸುಳೆಯೂ ಬಲ್ಲ ‘ಕೆಂಪು’ ಎಂಬ ಒಂದು ಮಾತನ್ನೂ ಅದರ ಪರ್ಯಾಯಪದಗಳನ್ನೂ ಇಲ್ಲಿ ವಿಚಾರಿಸಲಾಗುವುದು.

ಕೆಂಪು ಅಚ್ಚಗನ್ನಡ ಶಬ್ದ. ಸಮಾಸದಲ್ಲಿ ಅದು ‘ಕೆಂ’ ಎಂದು ನಿಂತು ಮುಂದಿನ ಅಕ್ಷರಕ್ಕೆ ತಕ್ಕಂತೆ ರೂಪವನ್ನು ತಳೆಯುವುದು. ತಾವರೆಯೊಡನೆ ಕೆಂದಾವರೆ, ಕಣ್ಣಿನೊಡನೆ ಕೆಂಗಣ್ಣು, ಜಡೆಯೊಡನೆ ಕೆಂಜೆಡೆ, ಮಣ್ಣಿನೊಡನೆ ಕೆಮ್ಮಣ್ಣು, ನೀರಿನೊಡನೆ ಕೆನ್ನೀರು ಆಗುವುದು. ಈ ಕೆನ್ನೀರೆಂದರೆ ನೆತ್ತರೇ ಹೊರತು ಕೆಂಪಾದ ನೀರಲ್ಲ. ಸ್ವರವು ಪರವಾದಾಗ ಹಳಗನ್ನಡದಲ್ಲಿ ‘ಕೇಸ್’ ಎಂಬ ರೂಪವು ಕಾಣುವುದು: ಕೆಂಪಾದ ಅಡಿ ಕೇಸಡಿ, ಕೆಂಪಾದ ಉರಿ ಕೇಸುರಿ, ಕೆಂಪಕ್ಕಿ ಕೇಸಕ್ಕಿ. ‘ಕಿಸು’ ಎಂಬುದು ಇದೇ ಕುಲದ ಮತ್ತೊಂದು ಪ್ರಾಚೀನ ರೂಪ. ಕೆಂಪು ಇಂದಿಗೂ ಜೀವಂತವಾಗಿದೆ; ಕೇಸ್ ಮತ್ತು ಕಿಸು ಜನರ ನಾಲಗೆಯಿಂದ ಜಾರಿಹೋಗಿವೆ.

ನೆರೆಯ ನುಡಿಗಳೊಡನೆ ಹೋಲಿಸಿದರೆ ಈ ಶಬ್ದದ ಪ್ರಾಚೀನತೆಯು ಇನ್ನೂ ಸ್ಪಷ್ಟವಾಗುವುದು. ತಮಿಳಿನಲ್ಲಿ ಇದು ‘ಚೆಂ’ ಅಥವಾ ‘ಸೆಂ’ ಎಂದಿದೆ. ತೆಲುಗಿನಲ್ಲಿ ಕೆನ್ನೈದಿಲೆಗೆ ಚೆಂಗಲ್ವವೆಂಬ ಹೆಸರಿದೆ. ನಮ್ಮ ಕಿವಿಯು ಅವರಲ್ಲಿ ಚೆವಿಯೂ, ನಮ್ಮ ಕೆರೆಯು ತೆಲುಗಿನಲ್ಲಿ ಚೆರುವೂ ಆಗಿರುವಂತೆಯೇ ಇದೂ ಆಗಿದೆ. ಮೂಲದ ಕಕಾರವನ್ನು ಕನ್ನಡವು ಕಾಪಾಡಿಕೊಂಡು ಬಂದಿತು. ಆ ನುಡಿಗಳಲ್ಲಿ ಅದು ಚಕಾರಕ್ಕೆ ತಿರುಗಿತು. ತಮಿಳಿನ ‘ಚೆಮ್ಮೈ’ಗೆ ಕೆಂಪು ಎಂಬ ಅರ್ಥದೊಡನೆ ನೇರ, ಉತ್ತಮ ಎಂಬ ಅರ್ಥಗಳೂ ಇರುವುದರಿಂದ ಶಿಷ್ಟವಾದ ತಮಿಳು ‘ಚೆಂದಮಿಳ್’ ಎನಿಸಿತು. ನಾವು ನಿತ್ಯವೂ ಕೈಯಲ್ಲಿ ಹಿಡಿಯುವ ಚೆಂಬು ಸಹ ಇದೇ ಬಳಗದ್ದು. ತಮಿಳಿನಲ್ಲಿ ಚೆಂಬೆಂದರೆ ತಾಮ್ರ, ಅರ್ಥಾತ್ ಕೆಂಪು ಲೋಹ.

ನಾಲಗೆಯಿಂದ ಜಾರಿದ ‘ಕಿಸು’ ಎಂಬ ಮಾತನ್ನು ಇತಿಹಾಸವು ಒಂದು ಊರಿನ ಹೆಸರಿನಲ್ಲಿ ಉಳಿಸಿಕೊಂಡಿದೆ. ಮಲಪ್ರಭಾ ನದಿಯ ತೀರದಲ್ಲಿರುವ ಪಟ್ಟದಕಲ್ಲಿಗೆ ಕಿಸುವೊಳಲ್ ಎಂಬುದು ಪ್ರಾಚೀನ ನಾಮ. ಪೊಳಲ್ ಎಂದರೆ ಪಟ್ಟಣ. ಕಿಸುವೊಳಲ್ ಎಂದರೆ ಕೆಂಪು ಪಟ್ಟಣ. ಅದನ್ನು ಸುತ್ತಿದ ಸೀಮೆಯು ಶಾಸನಗಳಲ್ಲಿ ಕಿಸುಕಾಡು ಎಪ್ಪತ್ತು ಎನಿಸಿದೆ. ಬಾದಾಮಿಯಿಂದ ಅಲ್ಲಿಯವರೆಗೆ ಹಬ್ಬಿದ ಕೆಂಪು ಮರಳುಗಲ್ಲನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ಆ ಕಲ್ಲಿನಿಂದಲೇ ಎಂಟನೆಯ ಶತಮಾನದಲ್ಲಿ ಚಾಲುಕ್ಯರು ಅಲ್ಲಿ ದೇವಾಲಯಗಳನ್ನು ಕಟ್ಟಿಸಿದರು. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣಾರ್ಥವಾಗಿ ಆತನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯವು ಅವುಗಳಲ್ಲಿ ಮುಖ್ಯವಾದುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ನಾಡಿನಲ್ಲಿರುವುದೆಂದು ಹೇಳುವಲ್ಲಿ ಕೊಪಣ, ಪುಲಿಗೆರೆ, ಒಂಕುಂದಗಳೊಡನೆ ಈ ಕಿಸುವೊಳಲನ್ನೂ ಹೆಸರಿಸಿದೆ. ೧೯೮೭ರಲ್ಲಿ ಪಟ್ಟದಕಲ್ಲಿನ ದೇವಾಲಯ ಸಮೂಹವು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು.

ಈ ಊರಿಗೇ ಸಂಸ್ಕೃತದಲ್ಲಿ ರಕ್ತಪುರವೆಂಬ ಹೆಸರುಂಟು. ರಕ್ತವೆಂದರೆ ನೆತ್ತರೆಂದು ಮಾತ್ರ ಬಲ್ಲವನು ಈ ಹೆಸರನ್ನು ಕೇಳಿದೊಡನೆ ಯಾವುದೋ ಘೋರ ಸಂಗ್ರಾಮವನ್ನು ಕಲ್ಪಿಸಿಕೊಳ್ಳುವುದು ಸಹಜ. ಆದರೆ ಅದು ಕಿಸುವೊಳಲಿನ ಅಕ್ಷರಶಃ ಪರಿವರ್ತನೆಯೇ ಸರಿ. ಇಲ್ಲಿ ರಕ್ತವೆಂದರೆ ಕೆಂಪು. ನೆತ್ತರಿನ ಸೋಂಕು ಅಲ್ಲಿಲ್ಲ. ಕನ್ನಡದ ಹೆಸರು ಉಳಿಯದೆ ಸಂಸ್ಕೃತದ ಹೆಸರೊಂದೇ ಉಳಿದಿದ್ದರೆ ಶಿಲ್ಪಿಗಳ ಕೆಂಪು ಪಟ್ಟಣವು ನಮ್ಮ ಕಲ್ಪನೆಯಲ್ಲಿ ಕೊಲೆಯ ಪಟ್ಟಣವಾಗಿಬಿಡುತ್ತಿದ್ದಿತು.

ಸಂಸ್ಕೃತದ ಕೋಶಕಾರರು ಕೆಂಪಿನ ಭೇದಗಳನ್ನು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ಅಮರಕೋಶದ ಪ್ರಕಾರ ಲೋಹಿತ, ರೋಹಿತ, ರಕ್ತಗಳು ಸಮಾನಾರ್ಥಕಗಳು; ಕೆಂದಾವರೆಯ ಕಾಂತಿಯುಳ್ಳದ್ದು ಶೋಣ; ಇನ್ನೂ ಪೂರ್ತಿಯಾಗಿ ವ್ಯಕ್ತವಾಗದ ಕೆಂಪು ಅರುಣ; ಬಿಳುಪು ಬೆರೆತದ್ದು ಪಾಟಲ. ಸೂರ್ಯನಿಗಿಂತ ಮುಂದೆ ಬರುವ ಸಾರಥಿಗೆ ಅರುಣನೆಂಬ ಹೆಸರು ಎಷ್ಟು ಸಮಂಜಸವಾಗಿದೆ ಎಂಬುದನ್ನು ವಾಚಕರೇ ಗಮನಿಸಬಹುದು.

ಇವುಗಳಲ್ಲಿ ರಕ್ತವೆಂಬುದರ ಚರಿತ್ರೆಯೇ ವಿಶೇಷವಾದುದು. ಬಣ್ಣವೇರು, ಬಣ್ಣಗಟ್ಟು ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿದೆ. ರಂಗ, ರಾಗ, ರಂಜನ, ರಜಕ ಎಂಬಿವು ಅದರ ಒಡಹುಟ್ಟುಗಳು. ಮೊದಲು ರಕ್ತವೆಂದರೆ ಬಣ್ಣವೇರಿದ್ದು, ಬಳಿಕ ಕೆಂಬಣ್ಣವೇರಿದ್ದು, ಅನಂತರ ಕೆನ್ನೀರು. ಬಣ್ಣವು ಅರಿವೆಗೆ ಅಂಟುವಂತೆ ಮನಸ್ಸು ವಿಷಯಕ್ಕೆ ಅಂಟುವುದರಿಂದ ಪ್ರೀತಿಯು ಅನುರಾಗವೂ, ಪ್ರೀತಿಸುವವನು ಅನುರಕ್ತನೂ ಆದನು. ಆ ಬಣ್ಣವು ಬಿಟ್ಟುಹೋದವನೇ ವಿರಕ್ತ. ನಮ್ಮ ನಾಡಿನ ವಿರಕ್ತಪೀಠಗಳ ಹೆಸರಿನಲ್ಲಿರುವ ರಕ್ತಪದವನ್ನು ಹೀಗೆಯೇ ಅರ್ಥಮಾಡಿಕೊಳ್ಳತಕ್ಕದ್ದು. ವಿರಕ್ತನು ಉಡುವ ಕಾವಿಯಾದರೋ ಕೆಮ್ಮಣ್ಣಿನ ಬಣ್ಣ. ಕಾಷಾಯವೆಂದರೆ ತೊಗಟೆ ಮೊದಲಾದುವುಗಳ ಕಷಾಯದಲ್ಲಿ ಅದ್ದಿದ ಬಟ್ಟೆ. ಬಟ್ಟೆಗೆ ಬಣ್ಣವುಂಟು, ಮನಸ್ಸಿಗೆ ಇಲ್ಲ ಎಂಬುದೇ ಈ ಎರಡು ಶಬ್ದಗಳು ಕೂಡಿ ಹೇಳುವ ಮಾತು.

ಜನಜೀವನದಲ್ಲಿಯೂ ಕೆಂಪಿನ ಅರ್ಥಗಳು ಹಲವು. ಆಭರಣಗಾರರಿಗೆ ಕೆಂಪೆಂದರೆ ಮಾಣಿಕ್ಯ. ಒಕ್ಕಲಿಗನಿಗೆ ಕೆಂದವೆಂದರೆ ಕೆಂಪು ಬಣ್ಣದ ದನ. ಕೆಂಗಣ್ಣು ಕೋಪದ ಹಾಗೂ ಅಸೂಯೆಯ ಕುರುಹು. ಕೆಂಪಮ್ಮ, ಕೆಂಚಮ್ಮ ಎಂಬ ಗ್ರಾಮದೇವತೆಗಳೂ ಕೆಂಚಪ್ಪ, ಕೆಂಪಯ್ಯ ಎಂಬ ಹೆಸರುಗಳೂ ಈ ಶಬ್ದದ ಜನಪ್ರಿಯತೆಗೆ ಸಾಕ್ಷಿಗಳು. ಕೆಮ್ಮಣ್ಣುಗುಂಡಿಯು ತನ್ನ ಹೆಸರಿನಲ್ಲಿಯೇ ತನ್ನ ಸಂಪತ್ತನ್ನು ಸಾರುತ್ತಿದ್ದಿತು. ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದುರು ಆ ಬೆಟ್ಟದಿಂದಲೇ ಬರುತ್ತಿದ್ದಿತು.

೧೮೯೪ರಲ್ಲಿ ಕಿಟ್ಟೆಲರು ತಮ್ಮ ಕನ್ನಡ ನಿಘಂಟಿನಲ್ಲಿ ಇಂತಹ ಶಬ್ದಗಳನ್ನು ಕೂಡಿಟ್ಟು ಮಹೋಪಕಾರವನ್ನು ಮಾಡಿದರು. ಆದರೆ ನಿಘಂಟಿಗೆ ಸೇರದ ಸ್ಥಳನಾಮಗಳು, ಹೊಲದ ಹೆಸರುಗಳು, ದನದ ಬಣ್ಣದ ಮಾತುಗಳು ಹಳ್ಳಿಹಳ್ಳಿಗಳಲ್ಲಿ ಇನ್ನೂ ಇವೆ. ಹಳೆಯ ಹೆಸರು ಅರ್ಥವಾಗದೆಂಬ ಕಾರಣದಿಂದ ಅದನ್ನು ತೊರೆದು ಹೊಸದನ್ನಿಡುವುದು ಸುಲಭ. ಹಾಗೆ ಮಾಡಿದಾಗ ಒಂದು ಶಾಸನವನ್ನೇ ಒಡೆದಂತಾಗುವುದು. ಕಿಸುವೊಳಲ್ ಎಂಬ ಒಂದು ಹೆಸರು ಉಳಿದುದರಿಂದ ಒಂದು ಮೃತಶಬ್ದದ ಅರ್ಥವೂ, ಒಂದು ರಾಜನಗರದ ನಿಜಸ್ವರೂಪವೂ ನಮಗೆ ದೊರೆತುವು. ಆದುದರಿಂದ ತಂತಮ್ಮ ಊರಿನ ಹಿರಿಯರಿಂದ ಇಂತಹ ಹೆಸರುಗಳನ್ನು ಕೇಳಿ ಬರೆದಿಡುವುದು ಸುಜ್ಞರಾದ ತರುಣರ ಕರ್ತವ್ಯವಾಗಿದೆ.