ಮೈಸೂರು ಸಂಸ್ಕೃತ ಪಾಠಶಾಲೆಯೂ ಮಹಾಮಹೋಪಾಧ್ಯಾಯ ಶಾಮಶಾಸ್ತ್ರಿಗಳೂ

ವಿದ್ಯಾಸ್ಥಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಥಾಪಕರನ್ನೂ ಕಟ್ಟಡಗಳನ್ನೂ ಪರೀಕ್ಷೆಗಳನ್ನೂ ವರ್ಣಿಸಿ ವಿರಮಿಸುವರು. ಆದರೆ ವೃಕ್ಷದ ಗುಣವು ಫಲದಿಂದ ವ್ಯಕ್ತವಾಗುವಂತೆ ಪಾಠಶಾಲೆಯ ಗುಣವು ಅಲ್ಲಿ ಓದಿದವರ ಕಾರ್ಯದಿಂದಲೇ ವ್ಯಕ್ತವಾಗತಕ್ಕುದು. ಮೈಸೂರು ನಗರದಲ್ಲಿ 1876 ರಲ್ಲಿ ಸ್ಥಾಪಿತವಾಗಿ, ಶ್ರೀಮನ್ಮಹಾರಾಜ ಸಂಸ್ಕೃತ ಮಹಾಪಾಠಶಾಲೆಯೆಂಬ ಹೆಸರಿನಿಂದ ಪ್ರಸಿದ್ಧವಾಗಿರುವ ವಿದ್ಯಾಸ್ಥಾನವನ್ನು ಕುರಿತೂ, ಸಾಮಾನ್ಯವಾಗಿ ಸಂಸ್ಕೃತ ಪಾಠಶಾಲೆಗಳನ್ನು ಕುರಿತೂ ಒಂದು ಆಕ್ಷೇಪವು ಬಹುಕಾಲದಿಂದ ಕೇಳಿಬರುತ್ತಿದೆ. ಅಲ್ಲಿ ಓದಿದವರು ಪೂರ್ವಿಕರು ಹೇಳಿದುದನ್ನು ಒಪ್ಪಿಸಬಲ್ಲರೇ ಹೊರತು ನೂತನವಾದುದನ್ನು ಶೋಧಿಸಲಾರರು ಎಂಬುದೇ ಅದು. ಈ ಆಕ್ಷೇಪದ ಬಲಾಬಲವನ್ನು ಆ ಶಾಲೆಯ ಪೂರ್ವವಿದ್ಯಾರ್ಥಿಗಳಲ್ಲೊಬ್ಬರ ಚರಿತ್ರೆಯಿಂದ ವಿಚಾರಮಾಡೋಣ.

ಶಾಮಶಾಸ್ತ್ರಿಗಳವರು 1868 ರಲ್ಲಿ ಕಾವೇರೀ ತೀರದ ರುದ್ರಪಟ್ಟಣದಲ್ಲಿ ಜನಿಸಿದರು. ಸ್ವಗ್ರಾಮದಲ್ಲಿ ವಿದ್ಯಾರಂಭವಾದ ಮೇಲೆ ಮೈಸೂರಿಗೆ ಬಂದು ಸಂಸ್ಕೃತ ಪಾಠಶಾಲೆಯಲ್ಲಿ ವಿದ್ವತ್ಪದವಿಯನ್ನು ಪಡೆದರು. ಬಳಿಕ 1889 ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯೂ ಅವರಿಗೆ ದೊರೆಯಿತು. ಇವರ ಪಾಂಡಿತ್ಯವನ್ನು ಮೆಚ್ಚಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸಹಾಯದಿಂದ ಇವರು ಸರ್ಕಾರದ ಪ್ರಾಚ್ಯ ಪುಸ್ತಕಭಂಡಾರವನ್ನು ಸೇರಿದರು. 1891 ರಲ್ಲಿ ಆರಂಭವಾದ ಈ ಭಂಡಾರವೇ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು.

ಈ ಭಂಡಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಯೋಲೆಯ ಪುಸ್ತಕವನ್ನು ಒಪ್ಪಿಸಿದರು. ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಖಂಡವೂ ಅದರೊಡನೆ ಇತ್ತು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು ಶಾಸ್ತ್ರಿಗಳವರು ಗುರುತಿಸಿದರು. 1905 ರಿಂದ ಅದರ ವಿಷಯಗಳನ್ನು ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸತೊಡಗಿ, 1909 ರಲ್ಲಿ ಮೂಲವನ್ನೂ 1915 ರಲ್ಲಿ ಸಮಗ್ರವಾದ ಆಂಗ್ಲಾನುವಾದವನ್ನೂ ಹೊರತಂದರು.

ಓಲೆಯು ತಾನಾಗಿ ಕೈಗೆ ಬಂದಿರಲು ಇದರಲ್ಲಿ ಶೋಧವೆಲ್ಲಿಯದು ಎಂದು ಕೆಲವರು ಕೇಳಬಹುದು. ಓಲೆ ದೊರೆಯುವುದು ಬೇರೆ, ಗ್ರಂಥ ದೊರೆಯುವುದು ಬೇರೆ. ಆ ಕಾಲಕ್ಕೆ ಅರ್ಥಶಾಸ್ತ್ರವು ಇತರರ ಉಲ್ಲೇಖಗಳಿಂದ ಮಾತ್ರವೇ ವಿದ್ವಾಂಸರಿಗೆ ವಿದಿತವಾಗಿತ್ತು. ಕಾಮಂದಕನು ತನ್ನ ನೀತಿಸಾರದಲ್ಲಿ ವಿಷ್ಣುಗುಪ್ತನಿಗೆ ವಂದಿಸಿರುವನು. ಬಾಣನು ಕಾದಂಬರಿಯಲ್ಲಿ ಈ ಶಾಸ್ತ್ರವನ್ನು ನಿಂದಿಸಿರುವನು. ದಂಡಿಯು ದಶಕುಮಾರಚರಿತದಲ್ಲಿ ಇದರ ಪರಿಮಾಣವನ್ನು 6000 ಶ್ಲೋಕಗಳೆಂದು ಹೇಳಿರುವನು. ದೊರೆತ ಗ್ರಂಥವೂ ತನ್ನಲ್ಲಿ 15 ಅಧಿಕರಣಗಳೂ 150 ಅಧ್ಯಾಯಗಳೂ 180 ಪ್ರಕರಣಗಳೂ ಇರುವುವೆಂದು ತಿಳಿಸಿ, 6000 ಶ್ಲೋಕಗಳ ಪರಿಮಾಣವನ್ನೇ ಹೇಳಿಕೊಳ್ಳುತ್ತದೆ. ಕಾವ್ಯವನ್ನೂ ಶಾಸ್ತ್ರವನ್ನೂ ಸಮವಾಗಿ ಓದಿದವನಿಗಲ್ಲದೆ ಈ ಸಂವಾದವು ಹೊಳೆಯಲಾರದು. ಸಮಗ್ರ ವ್ಯಾಖ್ಯಾನವಿಲ್ಲದ, ಪರಿಭಾಷೆಗಳಿಂದ ತುಂಬಿದ ಗದ್ಯವನ್ನು ಬಿಡಿಸುವುದಕ್ಕೆ ಪಾಠಶಾಲೆಯ ಪದವಾಕ್ಯವಿಚಾರದ ಅಭ್ಯಾಸವೇ ಸಾಧನವು. ಅದನ್ನು ದೇಶಾಂತರಗಳಿಗೆ ತಿಳಿಸುವುದಕ್ಕೆ ಆಂಗ್ಲವಿದ್ಯೆಯು ಬೇಕಾಯಿತೆಂಬುದೂ ನಿಜವೇ. ಒಂದು ವಿದ್ಯೆಯು ಕಣ್ಣಾಯಿತು, ಮತ್ತೊಂದು ಬಾಯಾಯಿತು.

ಶಾಸ್ತ್ರಿಗಳವರ ಶ್ರಮವು ಇಷ್ಟಕ್ಕೇ ಮುಗಿಯಲಿಲ್ಲ. ವೈದಿಕ ಕಾಲಗಣನೆಯನ್ನು ಕುರಿತ 'ಗವಾಮಯನ'ವು 1908 ರಲ್ಲಿಯೂ, ಬೋಧಾಯನ ಗೃಹ್ಯಸೂತ್ರದ ಸಂಪಾದನೆಯು 1920 ರಲ್ಲಿಯೂ ಪ್ರಕಟವಾದುವು. ಅರ್ಥಶಾಸ್ತ್ರದ ಪದಸೂಚಿಯು 1924-25 ರಲ್ಲಿ ಹೊರಬಂದಿತು. ಮೈಸೂರು ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಯ ಆಧಿಪತ್ಯವನ್ನೂ ವಹಿಸಿದ್ದು, 1944 ರಲ್ಲಿ ಅವರು ದಿವಂಗತರಾದರು.

ಮೈಸೂರಿನ ಹಿರಿಯರು ಪ್ರೀತಿಯಿಂದ ಹೇಳುವ ವೃತ್ತಾಂತವೊಂದುಂಟು. ನಾಲ್ವಡಿ ಕೃಷ್ಣರಾಜ ಒಡೆಯರವರು ಯೂರೋಪ್ ಖಂಡಕ್ಕೆ ದಯಮಾಡಿಸಿದ್ದಾಗ ಜರ್ಮನಿಯ ವಿದ್ವಾಂಸರು, ತಾವು ಶಾಮಶಾಸ್ತ್ರಿಗಳ ಮೈಸೂರಿನವರೋ ಎಂದು ಕೇಳಿದರಂತೆ. ಪ್ರಭುಗಳು ಹಿಂದಿರುಗಿ ಬಂದು, ಇಲ್ಲಿ ನಾವು ದೊರೆಗಳಾದರೂ ಅಲ್ಲಿ ನೀವೇ ದೊರೆಗಳೆಂದು ಶಾಸ್ತ್ರಿಗಳವರನ್ನು ಮನ್ನಿಸಿದರಂತೆ. ಇದನ್ನು ಐತಿಹ್ಯವೆಂದೇ ಗ್ರಹಿಸತಕ್ಕುದು. ಚರಿತ್ರೆಗೆ ಪ್ರಮಾಣವೆಂದು ಹಿಡಿಯಲಾಗದು. ಆದರೂ ಪಂಡಿತನಿಂದ ರಾಜ್ಯಕ್ಕೆ ಹೆಸರು ಬರುವುದೆಂಬ ನಂಬಿಕೆ ಈ ಊರಿನಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ತರುವಾಯ ತಿರುವನಂತಪುರದ ಗಣಪತಿಶಾಸ್ತ್ರಿಗಳೂ ಮುಂಬಯಿಯ ಕಾಂಗಲೆಯವರೂ ಹೆಚ್ಚಿನ ಮಾತೃಕೆಗಳ ಸಹಾಯದಿಂದ ಈ ಗ್ರಂಥವನ್ನು ಪರಿಷ್ಕರಿಸಿದರು. ಮೈಸೂರಿನ ಪಾಠವು ಅನೇಕ ಸ್ಥಳಗಳಲ್ಲಿ ತಿದ್ದುಪಡಿಯನ್ನು ಪಡೆಯಿತು. ಇದರಿಂದ ಪ್ರಥಮ ಶೋಧಕರ ಕೀರ್ತಿಗೆ ಕುಂದಿಲ್ಲ. ಮುಂದಿನವರು ತಿದ್ದಬಹುದಾದ ಗ್ರಂಥವೊಂದನ್ನು ಅವರಿಗೆ ಒದಗಿಸಿಕೊಟ್ಟುದೇ ಶಾಸ್ತ್ರಿಗಳವರ ಉಪಕಾರವು.

ಆದುದರಿಂದ ಮೇಲ್ಕಂಡ ಆಕ್ಷೇಪವು ನಿಲ್ಲಲಾರದು. ಆದರೆ ಪಾಠಶಾಲೆಯ ಅಭಿಮಾನಿಗಳು ಇಷ್ಟರಿಂದಲೇ ತೃಪ್ತರಾಗುವುದು ಯುಕ್ತವಲ್ಲ. ಭಂಡಾರಗಳಲ್ಲಿ ಓಲೆಗಳನ್ನು ಕಾಪಾಡುವುದು ಎಷ್ಟು ಮುಖ್ಯವೋ, ಗ್ರಂಥ ನಂದಿನಾಗರಿ ಮೊದಲಾದ ಲಿಪಿಗಳನ್ನು ಓದಿ ಅರ್ಥಮಾಡಬಲ್ಲವರನ್ನು ತಯಾರಿಸುವುದೂ ಅಷ್ಟೇ ಮುಖ್ಯವು. ಓದುವವನಿಲ್ಲದ ಓಲೆಯು ಭಂಡಾರದಲ್ಲಿದ್ದರೂ ನಷ್ಟವಾದುದಕ್ಕೆ ಸಮಾನವೇ ಸರಿ.